ಯಾವ ದೊಡ್ಡವ್ವ

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಮನೆಯ ನಡುಮನೆಯಲ್ಲಿ, ಗೋಡೆ ಗಡಿಯಾರದ ಪಕ್ಕಕ್ಕೆ, ಅಭಿನಂದನಾ ಪತ್ರವೊಂದು ತೂಗುತ್ತಿದೆ. ಚಿನ್ನದ ಬಣ್ಣದ ಅಂಚು, ಒಳಗೆ ಗಾಜು, ಗಾಜಿನ ಹಿಂದೆ ದುಂಡನೆಯ ಅಕ್ಷರಗಳಲ್ಲಿ 'ತಬ್ಬಲಿ ಮಗುವಿಗೆ ಮಡಿಲಾದ ಮಾದರಿ ಕುಟುಂಬ' ಎಂಬ ಒಕ್ಕಣೆ. ಅದನ್ನು ಬರೆದವಳು ನಾನು. ಅದರಲ್ಲಿ ನಿಜವಾದ ವಾಕ್ಯ ಒಂದೂ ಇಲ್ಲ. ಅದನ್ನು ಗೋಡೆಯಿಂದ ಇಳಿಸುವುದು ಇವತ್ತಿನವರೆಗೂ ನನ್ನಿಂದ ಆಗಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಸಮಾಜದ ಕಣ್ಣು ತೆರೆಸಲು ಬರೆಯುತ್ತಿದ್ದೇನೆ ಎಂದರೆ ಅದು ನನ್ನ ಎರಡನೆಯ ಸುಳ್ಳಾಗುತ್ತದೆ. ನಾನು ಬರೆಯುತ್ತಿರುವುದು ಸೇಡಿಗಾಗಿ.

ನನ್ನ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಹೆತ್ತವರಿಲ್ಲದ ಅಥವಾ ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಸಂಸ್ಥೆಗಳಿಗೆ ತುಂಬದೆ, ಬಂಧುಗಳ ಮನೆಯಲ್ಲೋ, ಒಪ್ಪಿ ಮುಂದೆ ಬಂದ ಬೇರೊಂದು ಕುಟುಂಬದಲ್ಲೋ ಬೆಳೆಸುವ ವ್ಯವಸ್ಥೆ ನಮ್ಮಲ್ಲಿದೆ. ಮಗುವನ್ನು ಒಂದು ಮನೆಗೆ ಸೇರಿಸಿದ ಮೇಲೆ ಆ ಮನೆಗೆ ಮತ್ತೆ ಮತ್ತೆ ಹೋಗಿ, ಮಗು ಉಣ್ಣುತ್ತಿದೆಯೇ, ಓದುತ್ತಿದೆಯೇ, ನಗುತ್ತಿದೆಯೇ ಎಂದು ನೋಡಿ, ಬರೆದು, ಹಾಸನದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇಡುವವಳು ನಾನು. ಮನೆ ಮಾಡಿರುವುದು ಹೊಳೆನರಸೀಪುರದಲ್ಲಿ. ಅಲ್ಲಿಂದ ಒಂದು ಕಡೆಗೆ ಚನ್ನರಾಯಪಟ್ಟಣದ ಬಸ್ಸು, ಇನ್ನೊಂದು ಕಡೆಗೆ ಅರಕಲಗೂಡಿನ ಬಸ್ಸು. ಚೀಲದಲ್ಲಿ ಒಂದು ಕಟ್ಟು ನಮೂನೆ, ಒಂದು ಡಬ್ಬಿ ಬಣ್ಣದ ಪೆನ್ಸಿಲ್ಲು. ದೊಡ್ಡವರು ಎದುರಿಗಿದ್ದಾಗ ಮಕ್ಕಳು ಬಾಯಿ ಬಿಡುವುದಿಲ್ಲ. ಕೈಗೆ ಪೆನ್ಸಿಲ್ಲು ಕೊಟ್ಟರೆ ತುಸು ಹೊತ್ತಿನಲ್ಲಿ ಬಿಡುತ್ತವೆ.

ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸಿದವಳು ನಾನು. ನಮಗೆ ಕಲಿಸಿದ ಮೇಷ್ಟ್ರು ಮೊದಲ ದಿನವೇ ಒಂದು ನಿಯಮ ಹೇಳಿದ್ದರು: ಪದದ ಅರ್ಥವನ್ನು ಗೊತ್ತುಮಾಡಿಕೊಳ್ಳದೆ ವಾದಕ್ಕೆ ಇಳಿಯಬೇಡಿ. ಈ ಒಂದು ನಿಯಮದ ಬಲದಿಂದ ನಾನು ಎಷ್ಟೋ ಜನರನ್ನು ವೇದಿಕೆಯ ಮೇಲೆ ಸೋಲಿಸಿದ್ದೆ. ಅದನ್ನು ಪಾಲಿಸಲೇಬೇಕಾಗಿದ್ದ ಜಾಗದಲ್ಲಿ ಮರೆತೆ.

ಆ ಹುಡುಗಿಗೆ ಆಗ ಹನ್ನೊಂದು ವರ್ಷ. ಅವಳ ತಂದೆ ಬಾಗೂರಿನಿಂದ ಆಚೆ ಒಂದು ಹಳ್ಳಿಯ ದೊಡ್ಡ ಹಿಡುವಳಿಯ ಮನೆಯವನು. ತಾಯಿ ಅರಕಲಗೂಡು ತಾಲ್ಲೂಕಿನ ದಲಿತ ಕುಟುಂಬದವಳು, ಬುದ್ಧನ ಪಟವಿರುವ ಮನೆಯಲ್ಲಿ ಬೆಳೆದವಳು. ಇಬ್ಬರೂ ಮೆಚ್ಚಿ ಮದುವೆಯಾಗಿ, ಎರಡೂ ಊರುಗಳನ್ನು ಬಿಟ್ಟು ಹಾಸನದ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ್ದರು. ಒಂದೇ ಅಪಘಾತದಲ್ಲಿ ಇಬ್ಬರೂ ಹೋದರು. ತಮ್ಮನ ಮದುವೆಗೆ ಬಾರದಿದ್ದ ಅಣ್ಣ ಮಣ್ಣಿಗೆ ಬಂದ. ಬಂದವನು ಮಗುವಿನ ಕೈ ಹಿಡಿದು, "ನಮ್ಮ ರಕ್ತ ಕಣ್ರಯ್ಯಾ ಇದು, ಕಂಡೋರ ಪಾಲಾಗಕ್ಕೆ ಬುಡ್ತೀನಾ" ಎಂದು ಎಲ್ಲರೆದುರು ಹೇಳಿ ಕರೆದುಕೊಂಡು ಹೋದ. ಅವನು ಹುಡುಗಿಯ ದೊಡ್ಡಪ್ಪ. ಬಂಧುಗಳ ಆಸರೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ ಎಂದುಕೊಂಡು ನಾನು ಕಡತ ತೆರೆದೆ. 'ತಾಯಿಯ ಕಡೆಯ ಬಂಧುಗಳು' ಎಂಬ ಸಾಲಿನಲ್ಲಿ ಅವನು 'ಯಾರೂ ಇಲ್ಲ' ಎಂದು ಬರೆಸಿದ. ನಾನು ಬರೆದುಕೊಂಡೆ.

ಮೊದಲ ಭೇಟಿಯಲ್ಲೇ ಅವನ ಹೆಂಡತಿ ನನ್ನನ್ನು, "ನಿಮ್ದು ಯಾವ ಕಡೆ ಮೇಡಂ?" ಎಂದು ಕೇಳಿದರು. ನಾನು ನನ್ನ ತಂದೆಯ ಊರಿನ ಹೆಸರು ಹೇಳಿದೆ. "ಓ, ಅಂಗಾ! ಅಂಗಾದ್ರೆ ನಮ್ಮೋರೇ ಬುಡಿ" ಎಂದು ನಡುಮನೆಗೆ ಕರೆದು ಕೂರಿಸಿದರು. ಕಾಫಿಯನ್ನು ಅವರೇ ತಂದರು. ಎರಡನೆಯ ಸಲವೂ ಅವರೇ ತಂದರು, ಮೂರನೆಯ ಸಲವೂ. ನಾನು ಹೋಗುವ ಮನೆಗಳಲ್ಲಿ ಸಾಮಾನ್ಯವಾಗಿ ಕಾಫಿ ತರುವ ಕೆಲಸ ಆಶ್ರಯಕ್ಕೆ ಬಂದ ಹೆಣ್ಣುಮಗುವಿನದೇ ಆಗಿರುತ್ತದೆ. ಲೋಟದ ಬಿಸಿಗೆ ಲಂಗದ ಅಂಚು ಹಿಡಿದುಕೊಂಡು ಬರುವ ಆ ಪುಟ್ಟ ಕೈಗಳನ್ನು ಕಂಡು ನನಗೆ ಸಿಟ್ಟು ಬರುತ್ತದೆ. ಇಲ್ಲಿ ಹಾಗಿಲ್ಲವಲ್ಲ ಎಂದು ಸಂತೋಷಪಟ್ಟೆ. 'ಮಗುವಿಗೆ ಅಡುಗೆಮನೆಯ ಕೆಲಸ ಹಚ್ಚಿಲ್ಲ' ಎಂದು ವರದಿಯಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದೆ. ಅಡುಗೆಮನೆಯ ಹೊಸ್ತಿಲನ್ನೇ ದಾಟಗೊಡದ ಮಗುವಿಗೆ ಅಡುಗೆಮನೆಯ ಕೆಲಸ ಹಚ್ಚುವುದು ಹೇಗೆ ಸಾಧ್ಯ ಎಂಬುದು ಅದೇ ಹೊಸ್ತಿಲ ಈಚೆ ಕೂತು ಕಾಫಿ ಕುಡಿದ ನನಗೆ ಹೊಳೆಯಲಿಲ್ಲ.

ಮಗುವಿನ ಇಷ್ಟವನ್ನು ಮನೆಯವರ ಮುಂದೆ ಕೇಳಬಾರದೆಂಬ ನಿಯಮವಿದೆ. ಆದ್ದರಿಂದ ಅವಳ ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ಕೂರಿಸಿಕೊಂಡು, ಪೆನ್ಸಿಲ್ಲು ಕೊಟ್ಟು, ಅವಳು ಮನೆಯೊಂದನ್ನು ಬರೆದು ಅದಕ್ಕೆ ನೀಲಿ ಬಣ್ಣ ತುಂಬುತ್ತಿದ್ದಾಗ ಕೇಳಿದೆ: "ನಿಂಗೆ ಎಲ್ಲಿರೋದು ಇಷ್ಟ ಪುಟ್ಟಾ?"

ಅವಳು ತಲೆ ಎತ್ತದೆ, "ದೊಡ್ಡವ್ವನ ಮನೇಲಿ" ಎಂದಳು.

"ದೊಡ್ಡವ್ವ ಅಂದ್ರೆ ಇಷ್ಟಾನಾ?"

"ಊಂ." ಪೆನ್ಸಿಲ್ಲು ನಿಂತಿತು. "ಬರ್ಕೋತೀರಾ?"

"ಬರ್ಕೋತೀನಿ."

ಬರೆದುಕೊಂಡೆ: 'ಮಗುವಿಗೆ ದೊಡ್ಡಮ್ಮನ ಮನೆಯಲ್ಲಿಯೇ ಇರುವ ಇಚ್ಛೆಯಿದೆ.' ಅವಳು ಹೇಳಿದ್ದು 'ಮನೇಲಿ' ಎಂದು. 'ಯೇ' ಎಂಬುದನ್ನು ಸೇರಿಸಿದವಳು ನಾನು. ವ್ಯಾಕರಣದಲ್ಲಿ ಇದನ್ನು ಅವಧಾರಣೆ ಎನ್ನುತ್ತಾರೆ, ಬೇರೆ ಯಾವುದೂ ಅಲ್ಲ ಇದೇ ಎಂದು ಒತ್ತಿ ಹೇಳುವುದು. ವಾಕ್ಯ ಚೆನ್ನಾಗಿ ನಿಲ್ಲಲಿ ಎಂದು ಆ ಒತ್ತನ್ನು ಹಾಕಿದೆ. ಸಮಿತಿಯ ಮುಂದೆ ಆ ವಾಕ್ಯವನ್ನು ಓದಿದಾಗ ದೊಡ್ಡಪ್ಪ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಮೀಸೆಯ ಮೇಲೊಮ್ಮೆ ಕೈಯಾಡಿಸಿ, ತಲೆಯಾಡಿಸಿ, ಸಹಿ ಹಾಕಿದ. ಕೆಲವು ತಿಂಗಳ ನಂತರ ಚನ್ನರಾಯಪಟ್ಟಣದ ಸಭೆಯೊಂದರಲ್ಲಿ ಅವನಿಗೆ ಶಾಲು ಹೊದಿಸಿ, ನಾನು ಬರೆದುಕೊಟ್ಟ ಅಭಿನಂದನಾ ಪತ್ರ ಕೊಟ್ಟರು. ನಾನೂ ಚಪ್ಪಾಳೆ ತಟ್ಟಿದೆ.

ನನ್ನ ತಪ್ಪನ್ನು ನನಗೆ ತೋರಿಸಿದವರು ಆ ಶಾಲೆಯ ಕನ್ನಡ ಮೇಡಂ. ಮುಂದಿನ ಭೇಟಿಗೆ ಹೋದಾಗ ಅವರು ನಗುತ್ತಾ ಒಂದು ನೋಟ್‌ಬುಕ್ಕು ತಂದರು. ಪತ್ರಲೇಖನದ ಪಾಠ, ಬಂಧುಗಳಿಗೊಂದು ಕಾಗದ ಬರೆಯಿರಿ ಎಂದು ಹೇಳಿದ್ದರಂತೆ. "ನೋಡಿ ಮೇಡಂ, ನಿಮ್ಮ ಹುಡುಗಿ ಮನೇಲೇ ಇರೋ ದೊಡ್ಡವ್ವನಿಗೆ ಕಾಗದ ಬರೆದವ್ಳೆ. ಬಯ್ಯಣ ಅಂದ್ಕೊಂಡೆ, ಆಮೇಲೆ ವಿಳಾಸ ನೋಡಿದೆ."

ವಿಳಾಸ ಅರಕಲಗೂಡು ತಾಲ್ಲೂಕಿನ ಒಂದು ಊರಿನದು. ಒಳಗೆ, ಗೆರೆಯ ಮೇಲೆ ಜೋಡಿಸಿದ ಅಕ್ಷರಗಳಲ್ಲಿ: 'ಪ್ರೀತಿಯ ದೊಡ್ಡವ್ವನಿಗೆ ನಮಸ್ಕಾರಗಳು. ನಾನು ಕ್ಷೇಮ. ನಿನ್ನ ಮನೆಯಲ್ಲಿ ಇರುತ್ತೇನೆ ಎಂದು ಮೇಡಂ ಹತ್ತಿರ ಹೇಳಿದೆನು. ಅವರು ಬರೆದುಕೊಂಡರು. ಅದಾಗಿ ಬಹಳ ದಿನವಾಯಿತು. ನೀನು ಇನ್ನೂ ಕರೆಯಲು ಏಕೆ ಬರಲಿಲ್ಲ?'

ತಂದೆಯ ಅಣ್ಣನ ಹೆಂಡತಿಯೂ ದೊಡ್ಡವ್ವ, ತಾಯಿಯ ಅಕ್ಕನೂ ದೊಡ್ಡವ್ವ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ನನಗೇ ಇಬ್ಬರು ದೊಡ್ಡವ್ವಂದಿರಿದ್ದಾರೆ. ಮನೆಯಲ್ಲಿ ಯಾರಾದರೂ 'ದೊಡ್ಡವ್ವ ಬಂದ್ರು' ಎಂದರೆ 'ಯಾವ ದೊಡ್ಡವ್ವ?' ಎಂದು ಕೇಳದೆ ನಾನು ಎದ್ದು ಹೋಗುವುದಿಲ್ಲ. ಆ ಮಗುವನ್ನು ಮಾತ್ರ ಕೇಳಲಿಲ್ಲ. ಶಾಲೆಯ ವರಾಂಡದಲ್ಲಿ ಅವಳನ್ನು ಕೂರಿಸಿಕೊಂಡು ಈಗ ಕೇಳಿದೆ. ಅವಳ ತಾಯಿಗೆ ಒಬ್ಬಳು ಅಕ್ಕ ಇದ್ದಳು. ಗಂಡ ತೀರಿಕೊಂಡವಳು, ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವಳು. ಹುಡುಗಿ ಹುಟ್ಟಿದಾಗ ಬಾಣಂತನ ಮಾಡಿದವಳು ಅವಳೇ. ಒಮ್ಮೆ ನೋಡಲು ಈ ಊರಿಗೂ ಬಂದಿದ್ದಳಂತೆ. ಗೇಟಿನ ಹೊರಗೇ ನಿಲ್ಲಿಸಿ, ಮಗು ಇಲ್ಲೇ ಒಗ್ಗಿಕೊಂಡಿದೆ ಎಂದು ಹೇಳಿ ಕಳಿಸಿದ್ದರು.

"ಇಲ್ಲಿರೋರ್ನ ಏನಂತ ಕರೀತೀಯ?"

"ಏನೂ ಕರೆಯಲ್ಲ. ಅವ್ವ ಗಿವ್ವ ಅನ್ಬ್ಯಾಡ ಅಂದವ್ರೆ. ಎದುರಿಗೋಗಿ ನಿಂತ್ಕೋತೀನಿ, ಅವ್ರೇ ನೋಡ್ತಾರೆ."

ಆ ದಿನ ಮಧ್ಯಾಹ್ನವೇ ಆ ಮನೆಗೆ ಹೋದೆ. ಈ ಸಲ ನಡುಮನೆಗೆ ಹೋಗಲಿಲ್ಲ. ಮನೆಯ ಹಿಂದಕ್ಕೆ ಹೋದೆ. ಆರು ಸೀಮೆಹಸುಗಳ ಕೊಟ್ಟಿಗೆ. ಬೆಳಗ್ಗೆ ಸಂಜೆ ಸಗಣಿ ಬಾಚಿ, ಹುಲ್ಲು ಹಾಕಿ, ಹಾಲು ಕರೆದು, ಡೇರಿಗೆ ಹಾಕಿ ಬರುವವಳು ಹುಡುಗಿ. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಲೋಟ, ಬೋರಲು ಹಾಕಿಟ್ಟಿದ್ದವು. ಅವು ಯಾರವು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ದೊಡ್ಡಪ್ಪ ಬಂದ. ನಾನು ನೋಟ್‌ಬುಕ್ಕಿನ ವಿಷಯ ಎತ್ತಲಿಲ್ಲ. ತಾಯಿಯ ಅಕ್ಕ ಇರುವುದನ್ನು ಏಕೆ ಮುಚ್ಚಿಟ್ಟಿರಿ ಎಂದಷ್ಟೇ ಕೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನ್ನ ಸಿಟ್ಟು ಅಲ್ಲಿಗೇ ಮುಗಿಯುತ್ತಿತ್ತೇನೋ. ಅವನು ನಕ್ಕ.

"ಮೇಡಂ, ದೊಡ್ಡವ್ವನ ಮನೇಲೇ ಇರ್ತೀನಿ ಅಂತ ಮಗು ಯೋಳ್ತು ಅಂತ ಬರ್ದೋರು ಯಾರು? ನಾನಾ? ನೀವು. ಓದ್ದೋರು ಯಾರು? ಸಮಿತಿಯೋರು. ನಾನು ತೆಪ್ಪಗೆ ಕುಂತಿದ್ದೆ ಅಷ್ಟೇಯ." ಆಮೇಲೆ ದನಿ ತಗ್ಗಿಸಿ, ನಾನೂ ಅವನ ಪಕ್ಷದವಳೆಂಬ ಸಲಿಗೆಯಲ್ಲಿ ಅಂದ: "ನೀವೂ ನಮ್ಮೋರೇ. ಯೋಳಿ, ನಮ್ಮ ಮನೆ ರಕ್ತ ಆ ಕೇರೀಲಿ ಬೆಳೀಬೇಕಾ?"

ನಾನು ಚೀಲ ಎತ್ತಿಕೊಂಡು ಹೊರಟೆ. ಬಾಗೂರಿಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತೆ. ಹುಡುಗಿಯನ್ನು ಅವಳ ದೊಡ್ಡವ್ವನ ಮನೆಗೆ ಸೇರಿಸಬೇಕು ಎಂಬುದು ನನ್ನ ಕರ್ತವ್ಯವಾಗಿತ್ತು. ಅದನ್ನು ಸದ್ದಿಲ್ಲದೆ, ಕಾಗದಪತ್ರದ ಮೂಲಕವೂ ಮಾಡಬಹುದಿತ್ತು. ನನಗೆ ಅಷ್ಟು ಸಾಲದಾಯಿತು. ಅವನು ಬಾಯಿ ಕಟ್ಟಿ ಕೂತಿರಬೇಕು, ಅವನ ಬಾಯಿಯನ್ನು ಕಟ್ಟುವುದು ಅವನದೇ ಮಾತಾಗಿರಬೇಕು, ಅದನ್ನು ನಾಲ್ಕು ಜನ ನೋಡಬೇಕು. ಮರುಪರಿಶೀಲನೆಗೆ ಅರ್ಜಿ ಹಾಕಿ, ಅರಕಲಗೂಡಿಗೆ ಹೋಗಿ ಆ ಇನ್ನೊಬ್ಬ ದೊಡ್ಡವ್ವನನ್ನು ಕಂಡು, ವಿಚಾರಣೆಯ ದಿನಕ್ಕಾಗಿ ಕಾದೆ. ಅಷ್ಟು ದಿನವೂ ಆ ಹುಡುಗಿ ಕೊಟ್ಟಿಗೆಯ ಗೂಡಿನ ತಟ್ಟೆಯಲ್ಲೇ ಉಂಡಳು ಎಂಬುದನ್ನು ಬರೆಯದೆ ಬಿಡುವಂತಿಲ್ಲ. ಅವಳನ್ನು ತಕ್ಷಣ ಬೇರೆಡೆಗೆ ಕಳಿಸಿ ಎಂದು ನಾನು ಕೇಳಿಕೊಳ್ಳಬಹುದಿತ್ತು. ಕೇಳಿದರೆ ಅವನು ಎಚ್ಚೆತ್ತುಕೊಳ್ಳುತ್ತಾನೆ ಎಂದು ಸುಮ್ಮನಿದ್ದೆ.

ವಿಚಾರಣೆ ಹಾಸನದಲ್ಲಿ. ಉದ್ದನೆಯ ಮೇಜಿನ ಹಿಂದೆ ಮೂವರು ಸದಸ್ಯರು. ನಡುವೆ ಕೂತಿದ್ದ ಅಧ್ಯಕ್ಷೆ ನಿವೃತ್ತಿಗೆ ಹತ್ತಿರವಾದ ಗಂಭೀರ ಹೆಂಗಸು. ಒಂದು ಬದಿಗೆ ದೊಡ್ಡಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಕ್ಕದಲ್ಲಿ ರೇಷ್ಮೆ ಸೀರೆಯಲ್ಲಿ ಅವನ ಹೆಂಡತಿ. ಇನ್ನೊಂದು ಬದಿಗೆ ಅರಕಲಗೂಡಿನ ದೊಡ್ಡವ್ವ, ಬಟ್ಟೆಯ ಚೀಲವನ್ನು ಎದೆಗವಚಿಕೊಂಡು, ಕುರ್ಚಿಯ ತುದಿಯಲ್ಲಿ. ಹುಡುಗಿ ನನ್ನ ಪಕ್ಕದಲ್ಲಿದ್ದಳು.

ನನ್ನ ವಾದ ಸಿದ್ಧವಾಗಿತ್ತು. ಈ ಮಗು ನಿಮ್ಮ ರಕ್ತವೆಂದರೆ ಅಡುಗೆಮನೆಯೊಳಗೆ ಬಿಟ್ಟುಕೊಳ್ಳಿ. ಬಿಟ್ಟುಕೊಳ್ಳುವುದಿಲ್ಲವೆಂದರೆ ನಿಮ್ಮ ರಕ್ತವೆನ್ನಬೇಡಿ. ಯಾವ ಕಡೆಗೆ ಹೊರಳಿದರೂ ಅವನಿಗೆ ದಾರಿ ಇರಲಿಲ್ಲ. ಇದನ್ನು ಹೊಳೆನರಸೀಪುರದ ಹೊಳೆದಂಡೆಯಲ್ಲಿ ನಡೆಯುತ್ತಾ ಎಷ್ಟೋ ಸಲ ಹೇಳಿಕೊಂಡಿದ್ದೆ. ಆದರೆ ಅವನು ಮೊದಲೇ ಎದ್ದು ಕೈಮುಗಿದು, "ಸಾ, ಮೇಡಂ, ನಮ್ಮ ಮನೇಲಿ ಮಗೀನ ಮಗಳಂಗೆ ಮಡಿಕ್ಕಂಡಿವ್ನಿ. ಬೇಕಾದ್ರೆ ನೀವು ಕೊಟ್ಟಿರೋ ಪತ್ರಾನೇ ಐತೆ" ಎಂದ. ಚೌಕಟ್ಟಿನ ಸಮೇತ ಅದನ್ನು ತಂದಿದ್ದ. ಮೇಜಿನ ಮೇಲೆ ಇಟ್ಟ. ನನ್ನ ಅಕ್ಷರಗಳು ನನ್ನನ್ನೇ ನೋಡುತ್ತಿದ್ದವು.

ನನ್ನ ಅರ್ಧ ಗಂಟೆಯ ವಾದ ಆ ಗಾಜಿನ ಮುಂದೆ ನಿಲ್ಲುವುದಿಲ್ಲವೆಂದು ತಕ್ಷಣ ಅರ್ಥವಾಯಿತು. ಒಂದೇ ಪ್ರಶ್ನೆ ಕೇಳಲು ಅನುಮತಿ ಬೇಡಿದೆ.

"ಮಗು ನಿಮ್ಮ ಹೆಂಡತಿಯವರನ್ನು ಏನೆಂದು ಕರೆಯುತ್ತಾಳೆ?"

"ಇದೇನ್ ಪ್ರಶ್ನೆ ಮೇಡಂ! ದೊಡ್ಡವ್ವ ಅಂತಾಳೆ, ಇನ್ನೇನಂತಾಳೆ." ಹುಡುಗಿಯ ಕಡೆ ತಿರುಗಿ ನಗುತ್ತಾ, "ಕರೀ ಮಗಾ, ಕರೆದು ತೋರ್ಸು. ದೊಡ್ಡವ್ವಾ ಅನ್ನು."

ಹುಡುಗಿ ಎದ್ದು ನಿಂತಳು. ಆ ಹೆಂಗಸಿನ ಎದುರಿಗೆ ಹೋದಳು. ಎರಡು ಕೈಯಲ್ಲೂ ಲಂಗ ಹಿಡಿದುಕೊಂಡು ಬಾಯಿ ತೆರೆದಳು.

"ಬ್ಯಾಡ!" ರೇಷ್ಮೆ ಸೀರೆಯ ಹೆಂಗಸು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. "ಬ್ಯಾಡ ಬುಡಿ, ಇಷ್ಟು ಜನರ ಮುಂದೆ! ಬ್ಯಾಡ ಅಂದಿಲ್ವಾ ನಿಂಗೆ!"

ಗಂಡ ಹೆಂಡತಿಯ ಮುಖ ನೋಡಿದ. ಅವನ ನಗು ಇನ್ನೂ ತುಟಿಯ ಮೇಲೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕಿ, "ಸಾಕು" ಎಂದರು. ಹುಡುಗಿಯನ್ನು ಒಳಗಿನ ಕೋಣೆಗೆ ತಾವೇ ಕರೆದುಕೊಂಡು ಹೋದರು. ಬಾಗಿಲು ಮುಚ್ಚುವ ಮೊದಲು ಅವರು ಮೆಲ್ಲಗೆ ಕೇಳಿದ ಮೊದಲ ಪ್ರಶ್ನೆ ನನ್ನ ಕಿವಿಗೂ ಬಿತ್ತು: "ಯಾವ ದೊಡ್ಡವ್ವ, ಮಗಳೇ?"

ನನಗೆ ಆ ಗಳಿಗೆಯಲ್ಲಿ ಆದ ಸುಖವನ್ನು ಮುಚ್ಚಿಡಲಾರೆ. ಯಾವ ವೇದಿಕೆಯಲ್ಲೂ ನಾನು ಅಷ್ಟು ಪೂರ್ತಿಯಾಗಿ ಗೆದ್ದಿರಲಿಲ್ಲ. ಆದರೆ ಆ ಗೆಲುವಿನ ಮಧ್ಯದಲ್ಲಿ, ಲಂಗ ಹಿಡಿದು ಬಾಯಿ ತೆರೆದು ನಿಂತ ಹುಡುಗಿ ಇದ್ದಾಳೆ. ಬೇಡವೆಂದ ಪದವನ್ನು ಹೇಳಲು ಅವಳನ್ನು ಅಲ್ಲಿ ನಿಲ್ಲಿಸಿದ್ದು ದೊಡ್ಡಪ್ಪನ ಮಾತು. ಆ ಮಾತನ್ನು ಹೊರಡಿಸಿದ್ದು ನನ್ನ ಪ್ರಶ್ನೆ. ಅದಕ್ಕೆ ಅವಳ ಕ್ಷಮೆ ಕೇಳಿದ್ದೇನೆ. ಆ ಗಂಡ ಹೆಂಡಿರ ಕ್ಷಮೆ ಕೇಳುವ ಯೋಚನೆ ನನಗಿಲ್ಲ.

ಅಭಿನಂದನಾ ಪತ್ರವನ್ನು ಹಿಂದಕ್ಕೆ ಕೇಳಲು ನಾನು ಅವನ ಮನೆಗೆ ಇನ್ನೊಮ್ಮೆ ಹೋದೆ. ಅದು ಮತ್ತೆ ಗೋಡೆಗೆ ಏರಿತ್ತು. "ಸನ್ಮಾನ ವಾಪಸ್ ಈಸ್ಕಳೋ ಪದ್ಧತಿ ಎಲ್ಲೈತೆ ಮೇಡಂ? ಶಾಲು ಬೇಕಾದ್ರೆ ತಗಂಡೋಗಿ, ನುಸಿ ತಿಂದೈತೆ" ಎಂದ. ನಿಯಮಾವಳಿಗಳನ್ನೆಲ್ಲ ತಿರುವಿ ಹಾಕಿದೆ. ಸನ್ಮಾನವನ್ನು ಹಿಂಪಡೆಯುವ ನಿಯಮ ಎಲ್ಲೂ ಇರಲಿಲ್ಲ. ಬಂದವರೆಲ್ಲ ಇಂದಿಗೂ ಅದನ್ನು ಓದುತ್ತಾರೆ.

ಸಮಿತಿಯ ಆದೇಶದಂತೆ ಹುಡುಗಿ ತಾಯಿಯ ಅಕ್ಕನ ಮನೆ ಸೇರಿದ ಮೇಲೆ ಅರಕಲಗೂಡಿನ ಆ ಊರಿಗೆ ಮೊದಲ ಭೇಟಿಗೆ ಹೋದೆ. ಒಂದೂವರೆ ಕೋಣೆಯ ಮನೆ, ಗೋಡೆಗೆ ನೀಲಿ ಬಣ್ಣ. ಹೊಂಗೆ ಮರದ ಕೆಳಗೆ ಅವಳು ಬರೆದಿದ್ದ ಮನೆಗೆ ತುಂಬಿದ್ದ ನೀಲಿ ಅದು. ಆಗ ನಾನು ಅದನ್ನು ಮಕ್ಕಳ ಕಲ್ಪನೆ ಎಂದುಕೊಂಡಿದ್ದೆ. ಒಳಗಿನಿಂದ ದೊಡ್ಡವ್ವನ ಬೈಗುಳ ಕೇಳಿಸಿತು: "ಅಷ್ಟೊಂದು ಸುರೀಬ್ಯಾಡ ಕಣೇ, ಸಕ್ಕರೆ ಏನು ಹೊಳೇಲಿ ಹರ್ಕೊಂಡು ಬತ್ತದಾ?" ಹುಡುಗಿ ಲಂಗದ ಅಂಚಿನಲ್ಲಿ ಲೋಟ ಹಿಡಿದುಕೊಂಡು ಒಳಮನೆಯಿಂದ ಬಂದಳು. ಲಂಗಕ್ಕೆ ಒಂದಿಷ್ಟು ಚೆಲ್ಲಿತ್ತು. 'ಮಗುವಿಗೆ ಮನೆಗೆಲಸ ಹಚ್ಚಲಾಗಿದೆಯೇ?' ಎಂಬ ಸಾಲಿನ ಮುಂದೆ ಬರೆದೆ: 'ಹೌದು. ಕಾಫಿ ತಂದುಕೊಟ್ಟಳು. ಸಿಹಿ ಹೆಚ್ಚು.'

ಅವಳು ನನ್ನ ಪಕ್ಕ ಕೂತು ಪೆನ್ಸಿಲ್ಲಿನ ಡಬ್ಬಿ ತೆರೆಯುತ್ತಾ ಕೇಳಿದಳು: "ಅಲ್ಲಿ ಅಸ ಕರಿಯೋರು ಯಾರು ಈಗ?"

"ನಿಮ್ಮ ದೊಡ್ಡಪ್ಪನೇ ಅಂತೆ."

ಅವಳು ಪೆನ್ಸಿಲ್ಲನ್ನು ಕಚ್ಚಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು. "ಕೆಂದಸ ಐತಲ್ಲ, ಅದ್ರ ಎಡಗಡೆ ಓಗಿ ಕೂತ್ಕಂಡ್ರೆ ಒದೀತದೆ. ಬಲಗಡೆ ಕುಂತ್ರೆ ಸುಮ್ಕಿರ್ತದೆ. ಅದು ನಂಗೊಬ್ಳಿಗೇ ಗೊತ್ತಿರೋದು. ಯಾರ್ಗೂ ಯೋಳಿಲ್ಲ." ನನ್ನ ತೋಳು ಹಿಡಿದು, "ನೀವೂ ಯೋಳ್ಬ್ಯಾಡಿ" ಎಂದಳು.

"ಬರ್ಕೋಬೇಕಾ?" ಎಂದೆ.

"ಇದ್ನ ಬರ್ಕೋಬ್ಯಾಡಿ."

ಬರೆದುಕೊಳ್ಳಲಿಲ್ಲ. ಯಾರಿಗೂ ಹೇಳಲೂ ಇಲ್ಲ. ತಿಂಗಳ ನಂತರ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ದೊಡ್ಡಪ್ಪ ಎದುರಾದ. ಬಿಳಿ ಅಂಗಿಯೇ, ಆದರೆ ಎತ್ತಿ ಕಟ್ಟಿದ ಪಂಚೆಯ ಕೆಳಗೆ ಮೊಣಕಾಲಿಗೆ ದಪ್ಪನೆಯ ಪಟ್ಟಿ, ಕೈಯಲ್ಲಿ ಕೋಲು. ನನ್ನನ್ನು ಕಂಡು ಮುಖ ತಿರುಗಿಸಿಕೊಳ್ಳಲು ನೋಡಿದ. ಕುಂಟುವವರಿಗೆ ಅದು ಅಷ್ಟು ಬೇಗ ಆಗುವುದಿಲ್ಲ.

"ಏನಾಯ್ತು?" ಎಂದು ನಾನು ಬಹಳ ಸೌಜನ್ಯದಿಂದ ಕೇಳಿದೆ.

"ಏನಿಲ್ಲ ಬುಡಿ. ಅಸ ಒದ್ಬುಡ್ತು."

"ಯಾವ ಹಸು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಕೆಂದಸ. ಯಾಕೆ?"

"ಸುಮ್ಮನೆ ಕೇಳಿದೆ. ಯಾವುದು ಎಂದು ಗೊತ್ತುಮಾಡಿಕೊಳ್ಳುವುದು ಒಳ್ಳೆಯದಲ್ಲವೇ" ಎಂದು ಹೇಳಿ, ಬಲಗಡೆಯ ಮಾತನ್ನು ನನ್ನೊಳಗೇ ಇಟ್ಟುಕೊಂಡು, ಅರಕಲಗೂಡಿನ ಕಡೆಗೆ ಹೊರಟಿದ್ದ ಬಸ್ಸು ಹತ್ತಿದೆ.